ನೂರಕ್ಕೆ ನೂರು ಒಲ್ಲೆನೆಂದ ಅಯ್ಯಮ್ಮ

ಮೇಜಿನ ಮೇಲಿದ್ದ ಕಾಗದದಲ್ಲಿ ಮೂರು ಸಹಿಗಳಿಗೆ ಜಾಗವಿತ್ತು. ಲಿಂಗಸೂಗೂರು ಕೇಂದ್ರದ ನಿಂಗರಾಜ ಉದ್ದ ಬಾಲದ ಅಕ್ಷರಗಳಲ್ಲಿ ಸಹಿ ಹಾಕಿ ಕೆಳಗೊಂದು ಗೆರೆಯನ್ನೂ ಎಳೆದಿದ್ದ. ಮಸ್ಕಿ ಕೇಂದ್ರದ ಮೈಮುನಾಬಿ ಕೂಡ ಹಾಕಿದ್ದಳು. ಆದರೆ ಪೆನ್ನು ಒತ್ತಲು ಮನಸ್ಸಿಲ್ಲದವಳಂತೆ, ಕನ್ನಡಕವಿಲ್ಲದೆ ಕಾಣದಷ್ಟು ತೆಳ್ಳಗೆ. ಮೂರನೆಯದು ಸಿಂಧನೂರು ಕೇಂದ್ರದ ಜಾಗ. ಅದು ಖಾಲಿಯಿತ್ತು, ಅದರ ಮುಂದೆ ಅಯ್ಯಮ್ಮ ನಿಂತಿದ್ದಳು.

‘ಹೊಸ ಪದ್ಧತಿಯು ಮೂರೂ ಕೇಂದ್ರಗಳಲ್ಲಿ ನೂರಕ್ಕೆ ನೂರರಷ್ಟು ಜಾರಿಗೆ ಬಂದಿದೆ ಎಂದು ಈ ಮೂಲಕ ದೃಢೀಕರಿಸುತ್ತೇವೆ’ ಎಂದು ಕಾಗದ ಹೇಳುತ್ತಿತ್ತು.

“ಏನಬೇ ಅಯ್ಯಮ್ಮ, ಒಂದು ದಸ್ಕತ್ ಹಾಕಾಕ ಪಂಚಾಂಗ ನೋಡಬೇಕೇನು?” ಎಂದರು ಅಧ್ಯಕ್ಷ ಮಾಳಿಂಗರಾಯರು.

“ಓದಾಕತ್ತೀನ್ರಿ ಅಧ್ಯಕ್ಷರ.”

“ಓದಾಕ ಕೊಟ್ಟಿಲ್ಲ. ಹಾಕಾಕ ಕೊಟ್ಟೀನಿ.”

ಮಾಳಿಂಗರಾಯರು ಕೆಟ್ಟ ಮನುಷ್ಯರಲ್ಲ. ಮೂರು ತಾಲೂಕುಗಳ ರೈತರನ್ನು ಒಂದೇ ಸಂಘಕ್ಕೆ ಸೇರಿಸಿ, ಟ್ರ್ಯಾಕ್ಟರು, ರಾಶಿ ಮಾಡುವ ಯಂತ್ರ, ನೆಲ್ಲು ಕೊಯ್ಯುವ ದೊಡ್ಡ ಮಷಿನುಗಳನ್ನೆಲ್ಲ ತಂದು ಬಾಡಿಗೆಗೆ ಓಡಿಸುವ ಏರ್ಪಾಟು ಮಾಡಿದ್ದು ಅವರೇ. ಸಂಘದ ಹೆಸರು ಎರಡು ಸಾಲು ಉದ್ದವಿದೆ, ಜನರ ಬಾಯಲ್ಲಿ ಅದು ಬರೀ ‘ಮಷಿನ್ ಸಂಘ’. ಅಧ್ಯಕ್ಷರಿಗಿದ್ದ ಕಾಯಿಲೆ ಒಂದೇ: ಮೈಕು ಕಂಡರೆ ಮೈ ಕುಣಿಯುತ್ತಿತ್ತು. ಬರುವ ಭಾನುವಾರ ಲಿಂಗಸೂಗೂರಿನಲ್ಲಿ ದೊಡ್ಡ ಸಮಾರಂಭ. ಪೆಂಡಾಲಿನವನಿಗೆ ಹೇಳಿಯಾಗಿತ್ತು, ಶಾಲುಗಳು ಬಂದಾಗಿತ್ತು. ‘ಸಂಪೂರ್ಣ ಬದಲಾದ ಸಂಘ’ ಎಂದು ಘೋಷಿಸಲು ಈ ಒಂದು ಸಹಿ ಬಾಕಿಯಿತ್ತು.

“ಹಾಕಿದ್ರ ಇಲ್ಲೇ ಇರ್ತಿ. ಹಾಕ್ಲಿಲ್ಲಂದ್ರ ಸೋಮವಾರದಿಂದ ಮಸ್ಕಿಗೆ ಬದ್ಲಿ, ಮೈಮುನಾಬಿ ಕೈಕೆಳಗ. ಈ ಕೇಂದ್ರ ಬ್ಯಾರೇದವರು ನೋಡ್ಕೊಂತಾರ,” ಎಂದರು ಅವರು.

ಬದಲಾವಣೆಗೆ ಒಪ್ಪದವರಿಗೆ ಬದಲಿ. ಮಾತು ಕೇಳಲು ಪ್ರಾಸಬದ್ಧವಾಗಿತ್ತು. ತಮಾಷೆಯೆಂದರೆ, ಇಡೀ ಸಂಘದಲ್ಲಿ ಬದಲಾವಣೆ ಬೇಕೆಂದು ಮೊದಲು ಅರ್ಜಿ ಕೊಟ್ಟವಳು ಅಯ್ಯಮ್ಮನೇ.

*

ಅಯ್ಯಮ್ಮ ತುರ್ವಿಹಾಳದವಳು. ತಾಯಿ ಕನಕಮ್ಮ ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಮೇಸ್ತ್ರಿ. ಬೆಳಗಿನ ಜಾವ ಕೆಸರಿಗೆ ಇಳಿಯುವ ಮೊದಲು ಒಡ್ಡಿನ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಿಸಿಕೊಳ್ಳುತ್ತಿದ್ದಳು: ನಿನ್ನೆ ಎಲ್ಲಿಗೆ ಬಿಟ್ಟಿದ್ದು, ಇವತ್ತು ಎಲ್ಲಿಯ ತನಕ, ಯಾರಿಗೆ ನಡ ಹಿಡಿದಿದೆ, ಯಾರ ಕೂಸಿಗೆ ಜ್ವರ. ಅಷ್ಟಾದ ಮೇಲೆ ಸೀರೆ ಮೇಲಕ್ಕೆ ಸಿಕ್ಕಿಸಿ ಎಲ್ಲರೂ ಇಳಿಯಬೇಕು. ಯಾರಾದರೂ ಒಡ್ಡಿನ ಮೇಲೆ ಕೂತರೆ ಕನಕಮ್ಮನಿಗೆ ಮೈ ಉರಿಯುತ್ತಿತ್ತು. “ಕುಂತ್ರ ಮಾತು ಬೆಳಿತೈತಿ. ನಿಂತ್ರ ಪೈರು ಬೆಳಿತೈತಿ,” ಎನ್ನುತ್ತಿದ್ದಳು.

ಮಗಳು ಬಿ.ಎ. ಮಾಡಿ, ಮಷಿನ್ ಸಂಘಕ್ಕೆ ಗುಮಾಸ್ತೆಯಾಗಿ ಸೇರಿ, ಹನ್ನೊಂದು ವರ್ಷದ ಹಿಂದೆ ಸಿಂಧನೂರು ಕೇಂದ್ರದ ಉಸ್ತುವಾರಿಯಾದಳು. ಕುರ್ಚಿ ಸಿಕ್ಕಿತು, ಆದರೆ ಅದರಲ್ಲಿ ಕೂತವರು ಬಂದವರೇ ಹೊರತು ಅಯ್ಯಮ್ಮನಲ್ಲ. ಅವಳದ್ದೇನಿದ್ದರೂ ಗೋಡೆಯ ಬಳಿ ನಿಲ್ಲುವ ಕೆಲಸ. ಅಲ್ಲಿ ಅವಳೇ ಬಡಗಿಯಿಂದ ಮಾಡಿಸಿದ ಬಾಗಿಲಗಲದ ಹಲಗೆಯಿತ್ತು. ಅದರ ತುಂಬ ಮೊಳೆಗಳು, ಮೊಳೆಗೊಂದು ಹೆಸರಿಲ್ಲದ, ಅವಳಿಗಷ್ಟೇ ಗೊತ್ತಾಗುವ ಗುರುತಿನ ರಟ್ಟಿನ ಚೀಟಿ. ಒಂದು ಮೊಳೆ ಎಂದರೆ ಒಂದು ಹೊಲ. ಯಾವ ಮಷಿನ್ ಯಾವ ಹೊಲದಿಂದ ಯಾವ ಹೊಲಕ್ಕೆ ಹೋಗಬೇಕೆಂಬ ಪಾಳಿ ಪೂರಾ ಆ ಹಲಗೆಯ ಮೇಲೆ.

ಪಾಳಿ ಎಂದರೆ ಮೊದಲು ಬಂದವರಿಗೆ ಮೊದಲು ಎಂಬ ಬಸ್‌ಸ್ಟ್ಯಾಂಡಿನ ಲೆಕ್ಕವಲ್ಲ. ಕಾಲುವೆಯ ಒಂದು ತೂಬಿನ ಕೆಳಗೆ ಹದಿನೈದಿಪ್ಪತ್ತು ಹೊಲಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಒಳಗಿನ ಹೊಲಕ್ಕೆ ರಸ್ತೆಯಿಲ್ಲ. ಹೊರಗಿನ ಹೊಲ ಕೊಯ್ದು ಬಯಲಾದರೆ ಮಾತ್ರ ಮಷಿನ್ ಒಳಗೆ ನುಗ್ಗಬಹುದು. ಹೊರಗಿನದು ಇನ್ನೂ ಹಸಿರಿದ್ದು ಒಳಗಿನದು ಹಣ್ಣಾಗಿದ್ದರೆ, ಹೊರಗಿನವನು ಕುಡುಗೋಲಿನಿಂದ ಮಷಿನ್ ಹೋಗುವಷ್ಟು ಅಗಲದ ಒಂದು ಪಟ್ಟಿ ಕೊಯ್ದು ದಾರಿ ಬಿಡುತ್ತಾನೆ. ಆದರೆ ಅದನ್ನು ಹಿಂದಿನ ದಿನವೇ ಅವನ ಮನೆಗೆ ಹೋಗಿ, ಎಲೆ ಅಡಿಕೆ ಕೈಯಲ್ಲಿಟ್ಟು ಕೇಳಬೇಕು. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕೇಳದಿದ್ದರೆ ಯಾರೂ ಬಿಡುವುದಿಲ್ಲ. ಇದು ತೂಬಿನ ದಸ್ತೂರು. ಯಾರು ಯಾರಿಗೆ ಎಲೆ ಕೊಟ್ಟಿದ್ದಾರೆ, ಯಾರದ್ದು ಬಾಕಿಯಿದೆ ಎಂಬುದೆಲ್ಲ ಅಯ್ಯಮ್ಮನ ತಲೆಯಲ್ಲಿತ್ತು.

ತೊಂದರೆ ಇದ್ದದ್ದೂ ಅಲ್ಲೇ. ಕಳೆದ ವರ್ಷ ಸುಗ್ಗಿಯ ನಡುವೆ ಅವಳಿಗೆ ಡೆಂಗಿ ಬಂತು, ತಲೆ ಆಸ್ಪತ್ರೆ ಸೇರಿತು. ಹಿರಿಯ ಡ್ರೈವರ್ ದಾವಲ್‌ಸಾಬ್ ಹಲಗೆಯ ಫೋಟೋ ಹೊಡೆದುಕೊಂಡು ಬಂದು ಅವಳ ಮಂಚದ ಪಕ್ಕ ನಿಂತ.

“ಅಕ್ಕಾ, ಈ ಮೂರನೇ ಸಾಲಿನ ಡೊಂಕ ಮೊಳಿ ಯಾರದು?”

“ಮುಕ್ಕುಂದದ... ಅಲ್ಲ, ಅದರ ಮಗ್ಗಲದ್ದು...” ಎನ್ನುತ್ತ ಅಯ್ಯಮ್ಮ ಕಣ್ಣು ಮುಚ್ಚಿದಳು. ಜ್ವರದಲ್ಲಿ ಅವಳಿಗೆ ಮೊಳೆಗಳೆಲ್ಲ ನಕ್ಷತ್ರಗಳಂತೆ ಕಾಣುತ್ತಿದ್ದವು. ಆರು ದಿನ ಎರಡು ಮಷಿನ್ ಅಂಗಳದಲ್ಲೇ ನಿಂತವು. ಮುಕ್ಕುಂದ ಊರಿನಲ್ಲಿ ಹಣ್ಣಾದ ನೆಲ್ಲು ಕಾಯಲಾರದೆ ಕಾಳುದುರಿಸಿತು.

ಮನೆಯ ಗೋಡೆಯ ಮೇಲೆ ಬುದ್ಧನ ಪಟವಿಟ್ಟವಳು ಅಯ್ಯಮ್ಮ. ಎಲ್ಲವೂ ಬದಲಾಗುತ್ತದೆ ಎಂದವನಿಗೆ ದಿನಾ ಕೈಮುಗಿದು, ತನ್ನ ಹಲಗೆ ಮಾತ್ರ ಬದಲಾಗಬಾರದು ಎನ್ನುವುದು ಹೇಗೆ? ಎದ್ದು ಓಡಾಡುವಂತಾದ ಮೊದಲ ದಿನವೇ ಅಧ್ಯಕ್ಷರಿಗೆ ಬರೆದಳು: ‘ಪಾಳಿಯ ಕೆಲಸ ನನ್ನ ತಲೆಯಿಂದ ಹೊರಗೆ ಬರಬೇಕು. ದಾರಿ ತೋರಿಸಿ.’

*

ದಾರಿ ತೋರಿಸಲು ಹುಬ್ಬಳ್ಳಿಯಿಂದ ಮೇಘಾ ಬಂದಳು. ಸಂಸ್ಥೆಗಳಿಗೆ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊಂದಿಕೊಳ್ಳುವುದನ್ನು ಕಲಿಸುವುದೇ ಅವಳ ಉದ್ಯೋಗ. ಮೂವತ್ತರ ಆಸುಪಾಸಿನ ಹುಡುಗಿ, ಕೈಚೀಲದ ತುಂಬ ಬಣ್ಣದ ಅಂಟುಚೀಟಿ. ಲಿಂಗಸೂಗೂರಿನ ಸಭಾಂಗಣದಲ್ಲಿ ಮೂರು ದಿನದ ತರಬೇತಿ. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಎಲ್ಲರನ್ನೂ ನಿಲ್ಲಿಸಿಯೇ ಮಾತಾಡಿದಳು. ತಾಯಿಯ ನಂತರ ಹೀಗೆ ಮಾಡಿದವರನ್ನು ಅಯ್ಯಮ್ಮ ಕಂಡಿದ್ದು ಅದೇ ಮೊದಲು.

“ಈ ವಿಧಾನಕ್ಕೆ ಅಜೈಲ್ ಅಂತಾರೆ,” ಎಂದಳು ಮೇಘಾ.

“ಅ-ಜೈಲ್ ಅಂದ್ರ ಜಾಮೀನು ಸಿಕ್ಕಂಗೇನ್ರಿ ಮೇಡಂ?” ಎಂದ ನಿಂಗರಾಜ. ಸಭೆ ನಕ್ಕಿತು, ಮೇಘಾ ಕೂಡ ನಕ್ಕಳು.

“ಹಾಗೇ ಅಂದ್ಕೊಳ್ಳಿ. ದೊಡ್ಡ ಯೋಜನೆಯ ಜೈಲಿನಿಂದ ಬಿಡುಗಡೆ. ಇಡೀ ಸಂಘವನ್ನ ಒಂದೇ ದಿನ ಬದಲಾಯಿಸೋಕೆ ಹೋಗಬೇಡಿ. ಒಂದು ಸಣ್ಣ ತುಂಡು ತಗೊಳ್ಳಿ, ಎರಡು ವಾರ ಮಾಡಿ ನೋಡಿ. ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತೇ ಮಾತಾಡಿ: ನಿನ್ನೆ ಏನಾಯ್ತು, ಇವತ್ತೇನು, ಅಡ್ಡಿ ಏನು. ವಾರದ ಕೊನೆಗೆ ಕೆಲಸ ಮಾಡೋರನ್ನೇ ಕೇಳಿ, ಯಾವುದು ಕೆಟ್ಟಿತು ಅಂತ. ಅದನ್ನ ತಿದ್ದಿ, ಆಮೇಲೆ ಮುಂದಿನ ತುಂಡು.”

ಅಯ್ಯಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ‘ಒಂದು ತುಂಡು. ಎರಡು ವಾರ. ಕೆಟ್ಟದ್ದು ಯಾವುದು?’ ಕೆಳಗೆ ಅಡಿಗೆರೆ ಎಳೆದಳು. ಊಟದ ಹೊತ್ತಿಗೆ ಅವಳಿಗೆ ಮೇಘಾ ತನ್ನ ತಾಯಿಯ ಗುಂಪಿನವಳೇ ಅನ್ನಿಸಿಬಿಟ್ಟಿತ್ತು.

ನಾಲ್ಕನೆಯ ದಿನ ಹುಕುಂ ಬಂತು. ಬರುವ ಕಾರ್ತಿಕ ಸೋಮವಾರದಿಂದಲೇ ಮೂರೂ ಕೇಂದ್ರ, ಎಲ್ಲ ಊರು, ಎಲ್ಲ ಮಷಿನ್, ಒಟ್ಟಿಗೇ ಮೊಬೈಲ್ ಆ್ಯಪಿನಲ್ಲೇ ಪಾಳಿ. ಹಳೆಯ ಹಲಗೆ, ಚೀಟಿ, ರಿಜಿಸ್ಟರು ಎಲ್ಲ ಗೋದಾಮಿಗೆ. ಆ ಆ್ಯಪನ್ನು ಮೊದಲು ಲಿಂಗಸೂಗೂರಿನಲ್ಲಿ ಪರೀಕ್ಷಿಸಿದ್ದರು. ಅಲ್ಲಿ ತೊಗರಿ, ಸಜ್ಜೆ, ಬಯಲು ಹೊಲ, ಎಲ್ಲಿಂದ ಬೇಕಾದರೂ ಟ್ರ್ಯಾಕ್ಟರು ನುಗ್ಗುತ್ತದೆ. ಚೆನ್ನಾಗಿಯೇ ನಡೆದಿತ್ತು.

ಅಯ್ಯಮ್ಮ ಚಹಾದ ಅಂಗಡಿಯಲ್ಲಿ ಮೇಘಾಳನ್ನು ಹಿಡಿದಳು.

“ಮೇಡಂ, ಮೂರು ದಿನ ನೀವು ಹೇಳಿದ್ದು ನನಗ ಖರೇ ಅನ್ನಿಸ್ತು. ನಾಕನೇ ದಿನಕ್ಕ ನೀವ ಅದನ್ನ ಸುಳ್ಳು ಮಾಡಾಕತ್ತೀರಲ್ಲ?”

ಮೇಘಾ ಕಪ್ಪಿನೊಳಗೆ ನೋಡಿದಳು. “ನಾನೂ ಹೇಳಿದೆ ಅಯ್ಯಮ್ಮ ಮೇಡಂ. ಸಮಾರಂಭದ ದಿನಾಂಕ ಆಗಲೇ ಗೊತ್ತಾಗಿಬಿಟ್ಟಿದೆ ಅಂದ್ರು.”

“ಅಂದ್ರ ದಿನಾಂಕ ಒಂದು ಬದಲಾಗಂಗಿಲ್ಲ, ಉಳಿದದ್ದೆಲ್ಲ ಬದಲಾಗಬೇಕು. ಹೌದಿಲ್ಲೋ?”

ಮೇಘಾ ಕಪ್ಪು ಕೆಳಗಿಟ್ಟಳು. ಚಹಾದ ದುಡ್ಡು ಕೊಡಲು ಹೋದಳು, ಅದಕ್ಕೂ ಅಯ್ಯಮ್ಮ ಬಿಡಲಿಲ್ಲ. “ನೀವು ಕಲಿಸಿದ್ದು ನೀವು ಮಾಡಂಗಿದ್ರ ಮಾಡ್ರಿ, ಬಿಟ್ರ ಬಿಡ್ರಿ. ನಾ ಅಂತೂ ಮಾಡಾಕಿ.”

*

ಆ ಸೋಮವಾರ ಸಿಂಧನೂರು ಕೇಂದ್ರದ ಮೂವತ್ತೆಂಟು ಊರುಗಳಲ್ಲಿ ಒಂದೇ ಊರಿಗೆ ಆ್ಯಪು ಹೋಯಿತು. ಗೊರೇಬಾಳ. ಅದರಲ್ಲೂ ಒಂದೇ ತೂಬು, ಹದಿನೇಳು ಹೊಲ, ಒಂದು ಮಷಿನ್. ಉಳಿದದ್ದೆಲ್ಲ ಹಲಗೆಯ ಮೇಲೆಯೇ ನಡೆಯಿತು. ಹಲಗೆ ಗೋದಾಮಿಗೆ ಹೋಗಲಿಲ್ಲ.

ಮೊದಲ ದಿನ ಬೆಳಿಗ್ಗೆ ದಾವಲ್‌ಸಾಬ್ ಫೋನ್ ಮಾಡಿದ. “ಅಕ್ಕಾ, ಮಷಿನ್ ರೋಡ್ ಮ್ಯಾಲ ನಿಂತೈತಿ. ನೀನ ಬಂದು ನೋಡು. ನಾ ಹೇಳಿದ್ರ ನಗ್ತಿ.”

ಅಯ್ಯಮ್ಮ ಹೋಗಿ ನೋಡಿದಳು. ಕಾಲುವೆಯ ದಂಡೆಯ ಮೇಲೆ ಮಷಿನ್ ಗುರುಗುಡುತ್ತ ನಿಂತಿತ್ತು. ಅದರ ಮುಂದೆ ಆದೆಪ್ಪ ಮೊಬೈಲನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದಿದ್ದ. ಅರವತ್ತೆಂಟರ ಮುದುಕ. ಆ್ಯಪು ತೆರೆದ ಕ್ಷಣದಲ್ಲೇ ಅಳಿಯನಿಂದ ಒತ್ತಿಸಿ ಪಾಳಿ ಹಿಡಿದಿದ್ದ. ಪರದೆಯ ಮೇಲೆ ‘ನಿಮ್ಮ ಸರದಿ: 1’ ಎಂದಿತ್ತು. ಜೀವಮಾನದಲ್ಲಿ ಮೊದಲ ಬಾರಿ ಒಂದನೇ ನಂಬರು ಬಂದ ಖುಷಿಯಲ್ಲಿ, ತನ್ನ ಹೊಲ ಎಲ್ಲಿದೆ ಎಂಬುದನ್ನೇ ಅವನು ಮರೆತಿದ್ದ. ಅದು ನಾಲ್ಕು ಹೊಲಗಳ ಹಿಂದಿತ್ತು. ದಂಡೆಗೆ ಹತ್ತಿದ ಹೊಲ ಅಖ್ತರನದ್ದು, ಇನ್ನೂ ಗಿಣಿಹಸಿರು.

“ದಾರಿ ಬಿಡೋ ಅಖ್ತರ್,” ಎಂದ ಆದೆಪ್ಪ. “ನಂದು ಒಂದನೇ ನಂಬರ.”

ಅಖ್ತರ ಒಡ್ಡಿನ ಮೇಲೆ ಕೈಕಟ್ಟಿ ನಿಂತಿದ್ದ. “ನಿನ್ನೆ ಮನಿಗೆ ಬಂದಿದ್ದೇನು ಕಾಕಾ? ಎಲಿ ಕೊಟ್ಟಿದ್ದೇನು?”

“ಮೊಬೈಲ್‌ನಾಗ ಬಂದೈತಲ್ಲೋ.”

“ಹಂಗಾರ ಮೊಬೈಲ್ ಮ್ಯಾಲ ಹಾಸಿ ಮಷಿನ್ ಓಡಿಸ್ಕೊಂಡು ಹೋಗು. ನನ್ನ ನೆಲ್ಲಿನ ಮ್ಯಾಲ ಬ್ಯಾಡ.”

ಊರಿನ ಹತ್ತಾರು ಜನ ನಿಂತಿದ್ದರು. ಡ್ರೈವರು ನಿಂತಿದ್ದ, ಮಷಿನ್ ನಿಂತಿತ್ತು. ದಾವಲ್‌ಸಾಬ್ ಅಯ್ಯಮ್ಮನ ಕಿವಿಗೆ ಹೇಳಿದ: “ಆ ಮೇಡಂ ನಿಂತ ಸಭಾ ಮಾಡ್ರಿ ಅಂದಿದ್ರಲ್ಲ ಅಕ್ಕಾ. ಮಾಡ್ಯಾರ ನೋಡು, ಮಷಿನ್ ಸಮೇತ.”

ಅಯ್ಯಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅಲ್ಲೇ ಆ ದಂಡೆಯ ಮೇಲೆಯೇ ಸಭೆ ಮಾಡಿದಳು.

“ಏನ್ ಕೆಟ್ಟಿತು? ಆದೆಪ್ಪ ಕಾಕಾ, ಮೊದಲ ನೀ ಹೇಳು.”

“ಅಖ್ತರ ಕೆಟ್ಟಾನ.”

“ಮನುಷ್ಯಾರನ್ನ ಬಿಡು. ಕೆಲಸದಾಗ ಏನು ಕೆಟ್ಟಿತು?”

ಆದೆಪ್ಪ ತಲೆ ಕೆರೆದುಕೊಂಡ. “ಅದು ನನ್ನ ಹೊಲ ಎಷ್ಟ್ ಎಕರೆ ಅಂತ ಕೇಳ್ತು. ತಳಿ ಯಾವ್ದು ಅಂತ ಕೇಳ್ತು. ಯಾರ ಹೊಲ ದಾಟಿ ಬರಬೇಕು ಅಂತ ಕೇಳಲೇ ಇಲ್ಲ ಯವ್ವಾ.”

ಅಷ್ಟೇ. ಅರ್ಧ ದಿನ ಹೋಯಿತು, ಒಂದು ಮಷಿನಿನದ್ದು, ಒಂದು ತೂಬಿನಲ್ಲಿ. ಆಪ್ತವಾಗಬೇಕಾದ ಆ್ಯಪು ಆಪತ್ತಾಗದೆ ಉಳಿದಿದ್ದು ಅದು ಸಣ್ಣದಾಗಿದ್ದರಿಂದ. ಅದೇ ಬೆಳಿಗ್ಗೆ ಮಸ್ಕಿ ಕೇಂದ್ರದ ಕಾಲುವೆ ಊರುಗಳಲ್ಲಿ ನಾಲ್ಕು ಮಷಿನುಗಳು ನಾಲ್ಕು ದಂಡೆಗಳ ಮೇಲೆ ನಿಂತಿದ್ದವು. ಎರಡು ಕಡೆ ಜನ ಕೈಕೈ ಮಿಲಾಯಿಸಿದ್ದರು.

ಮೈಮುನಾಬಿ ಫೋನಿನಲ್ಲಿ ಪಿಸುಗುಟ್ಟಿದಳು: “ಅಕ್ಕಾ, ನಾ ಮತ್ತ ಹಳೇ ಪದ್ಧತಿಗೇ ಹೋಗೀನಿ. ಫೋನ್ ಹಚ್ಚಿ ಪಾಳಿ ಕೊಡಾಕತ್ತೀನಿ. ಸಂಜಿಕೆ ಎಲ್ಲಾನೂ ಆ್ಯಪಿನಾಗ ತುಂಬಿಬಿಡ್ತೀನಿ. ಲೆಕ್ಕದಾಗ ನೂರಕ್ಕ ನೂರು ಕಾಣ್ತೈತಿ. ಯಾರಿಗೂ ಹೇಳಬ್ಯಾಡ.”

ಅಯ್ಯಮ್ಮ ಹೇಳಲಿಲ್ಲ. ಅವಳಿಗೆ ಬಂದದ್ದು ಒಂದು ಮೆಮೊ: ಸಿಂಧನೂರು ಕೇಂದ್ರದಲ್ಲಿ ಪೂರ್ಣ ಜಾರಿ ಯಾಕಿಲ್ಲ, ಹಲಗೆಯನ್ನು ಯಾಕೆ ತೆಗೆದಿಲ್ಲ? ಅವಳು ಎರಡೇ ಸಾಲಿನ ಉತ್ತರ ಬರೆದಳು. ‘ತರಬೇತಿಯಲ್ಲಿ ಕಲಿಸಿದ ಪ್ರಕಾರ ಮಾಡುತ್ತಿದ್ದೇನೆ. ತರಬೇತಿ ತಪ್ಪಾಗಿದ್ದರೆ ತಿಳಿಸಿ, ಮರೆತುಬಿಡುತ್ತೇನೆ.’ ತರಬೇತಿ ತಪ್ಪು ಎಂದು ಬರೆದು ಕೊಡಲು ಯಾರೂ ತಯಾರಿರಲಿಲ್ಲ. ಅದಕ್ಕೆ ಸಂಘ ಮೂರು ದಿನ ಹೋಳಿಗೆ ಊಟ ಹಾಕಿಸಿತ್ತು.

ಗುರುವಾರ ಮೇಘಾ ಯಾರಿಗೂ ಹೇಳದೆ ಸಿಂಧನೂರಿನ ಬಸ್ಸು ಹತ್ತಿ ಬಂದಳು. ಕೆಸರು ಮೆತ್ತಿದ ಚಪ್ಪಲಿಯಲ್ಲಿ ಗೊರೇಬಾಳದ ಒಡ್ಡಿನ ಮೇಲೆ ನಿಂತು ಬೆಳಗಿನ ಸಭೆ ಪೂರ್ತಿ ಕೇಳಿದಳು. ಆಮೇಲೆ ಆ್ಯಪು ಬರೆದವರಿಗೆ ಅಲ್ಲಿಂದಲೇ ಫೋನ್ ಹಚ್ಚಿದಳು. ಶನಿವಾರದ ಹೊತ್ತಿಗೆ ಆ್ಯಪಿನಲ್ಲಿ ಹೊಸ ಪ್ರಶ್ನೆಯೊಂದು ಕೂತಿತ್ತು: ‘ನಿಮ್ಮ ಹೊಲಕ್ಕೆ ದಾರಿ ಯಾರ ಹೊಲದಿಂದ?’ ಆ ಹೊಲದವರು ‘ದಾರಿ ಕೊಟ್ಟಿದ್ದೇನೆ’ ಎಂದು ಒತ್ತುವ ತನಕ ಪಾಳಿ ಹುಟ್ಟುತ್ತಿರಲಿಲ್ಲ.

“ಎಲಿ ಅಡಿಕಿ ಹೆಂಗ ಕೊಡೋದು ಮೊಬೈಲ್‌ನಾಗ?” ಎಂದು ಆದೆಪ್ಪ ಕೇಳಿದ.

“ಎಲಿ ಕೈಯಾಗ ಕೊಡು ಕಾಕಾ. ಅಖ್ತರ ಎಲಿ ಹಾಕ್ಕೊಂಡ ಮ್ಯಾಲ ಬೆರಳು ಒತ್ತತಾನ,” ಎಂದಳು ಅಯ್ಯಮ್ಮ.

ಅಖ್ತರ ಎಲೆ ಹಾಕಿಕೊಂಡ, ಪಟ್ಟಿ ಕೊಯ್ದ, ಒತ್ತಿದ. ಆದೆಪ್ಪನ ನೆಲ್ಲು ಆರನೇ ಪಾಳಿಯಲ್ಲಿ ಮನೆಗೆ ಬಂತು. ಆರನೆಯದಾದರೂ ಅವನಿಗೆ ಬೇಜಾರಿರಲಿಲ್ಲ. ಒಂದನೆಯ ನಂಬರಿನ ಆ ಚಿತ್ರವನ್ನು ಅಳಿಯನಿಂದ ತೆಗೆಸಿ ಇಟ್ಟುಕೊಂಡಿದ್ದ.

*

ಎರಡನೆಯ ವಾರದ ಕೊನೆಗೆ ಅಯ್ಯಮ್ಮ ಮತ್ತೆ ಕೇಳಿದಳು: “ಏನ್ ಕೆಟ್ಟೈತಿ?”

ದಾವಲ್‌ಸಾಬ್ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. ಏನೋ ಬರುತ್ತದೆಂದು ಅವಳಿಗೆ ಗೊತ್ತಾಯಿತು. ಅವನು ಹೀಗೆ ಮಾಡುವುದು ಮಷಿನಿನ ಬೆಲ್ಟು ಹರಿದ ಸುದ್ದಿ ಹೇಳುವಾಗ.

“ಸಿಟ್ಟಾಗಬ್ಯಾಡ ಅಕ್ಕಾ. ನೀ ಕೆಟ್ಟಿ.”

“ಏನಂದಿ?”

“ನೀ ಅಂದ್ರ ನೀ ಅಲ್ಲ. ನಿನ್ನ ಹಲಗಿ. ಹನ್ನೊಂದು ವರ್ಷ ಆತು, ಅದನ್ನ ಓದಾಕ ಒಬ್ಬರಿಗೂ ಬರಂಗಿಲ್ಲ. ಆ್ಯಪಿನಾಗ ದಾರಿ ಬಂತು, ಖರೇ. ಆದ್ರ ಎಡವಟ್ಟಾದಾಗೆಲ್ಲ ನಾವು ನಿನಗ ಫೋನ್ ಹಚ್ಚತೀವಿ. ನೀ ಮತ್ತ ಬಿದ್ದಿ ಅಂದ್ರ?” ಟವೆಲಿನ ತುದಿ ಸಿಕ್ಕಿಸಿ ಹೇಳಿದ, “ನಾಳೆ ನೀ ಬರಬ್ಯಾಡ. ಫೋನೂ ಎತ್ತಬ್ಯಾಡ. ನಾವು ಮಾಡಿ ನೋಡ್ತೀವಿ.”

ಹಲಗೆಯನ್ನು ಗೋದಾಮಿಗೆ ಹಾಕಿ ಎಂದವರ ಮೇಲೆ ಬಂದಷ್ಟೇ ಸಿಟ್ಟು ದಾವಲ್‌ಸಾಬ್‌ನ ಮೇಲೂ ಬಂತು. ಆದರೆ ಕೇಳಿದವಳು ಅವಳೇ. ಅವಳ ನೋಟ್‌ಬುಕ್ಕಿನಲ್ಲೇ ಅಡಿಗೆರೆ ಸಮೇತ ಬರೆದಿತ್ತು.

ಮರುದಿನ ಅಯ್ಯಮ್ಮ ಮನೆಯಲ್ಲಿ ಉಳಿದಳು. ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. ಹತ್ತು ಗಂಟೆಗೆ ಅಕ್ಕಿ ಆರಿಸುವ ನೆವದಲ್ಲಿ ಡಬ್ಬಿ ತೆರೆದಳು. ಹನ್ನೊಂದಕ್ಕೆ ಇನ್ನೊಮ್ಮೆ ಅಕ್ಕಿ ಆರಿಸಿದಳು. ಅವತ್ತು ಆ ಮನೆಯ ಅನ್ನದಲ್ಲಿ ಒಂದೂ ಕಲ್ಲು ಸಿಗಲಿಲ್ಲ. ಫೋನಿನಲ್ಲಿ ಒಂದೂ ಕರೆ ಬರಲಿಲ್ಲ.

ಸಂಜೆ ಕೇಂದ್ರಕ್ಕೆ ಹೋಗಿ ನೋಡಿದರೆ, ಡ್ರೈವರುಗಳು ಹೊಲದವರನ್ನೇ ಕೇಳಿಕೊಂಡು ಹಲಗೆಯ ಪ್ರತಿ ಮೊಳೆಯ ಕೆಳಗೆ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು. ಒಳದಾರಿಗಳಿಗೆಲ್ಲ ಬಾಣದ ಗುರುತು. ಡೊಂಕು ಮೊಳೆಯನ್ನು ಯಾರೋ ಕಿತ್ತು ನೆಟ್ಟಗೆ ಬಡಿದಿದ್ದರು. ಎರಡು ಪಾಳಿ ಅದಲುಬದಲಾಗಿದ್ದವು, ಅದನ್ನು ಅವರೇ ಮಧ್ಯಾಹ್ನಕ್ಕೆ ಸರಿಪಡಿಸಿಕೊಂಡಿದ್ದರು. ಮಷಿನುಗಳು ನಿಂತಿರಲಿಲ್ಲ.

ಅಯ್ಯಮ್ಮ ಆ ನೆಟ್ಟಗಾದ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಸಂತೋಷವೂ ಆಯಿತು, ಮೊಳೆಯೊಂದು ಎದೆಗೆ ಚುಚ್ಚಿದಂತೆಯೂ ಆಯಿತು.

*

ಇಷ್ಟಾದ ಮೇಲೆ ಬಂದದ್ದು ಆ ಕಾಗದ, ಅದರ ಹಿಂದೆ ಖುದ್ದು ಅಧ್ಯಕ್ಷರು.

“ಅಧ್ಯಕ್ಷರ, ಒಂದು ಮಾತು ಹೇಳ್ಲೇನ್ರಿ?” ಎಂದಳು ಅಯ್ಯಮ್ಮ. “ಗೊರೇಬಾಳದ ಒಂದು ತೂಬು ಖರೇ ಬದಲಾಗೈತಿ. ಮುಂದಿನ ತೂಬಿನ ಹದಿನಾಲ್ಕು ಹೊಲದವರು ತಾವಾಗೇ ಬಂದು ನಮಗೂ ಮಾಡ್ರಿ ಅಂದಾರ. ಹಿಂಗ ಹೋದ್ರ ಬರೋ ಸುಗ್ಗಿಗೆ ಎಂಟತ್ತು ಊರು ಆಗ್ತಾವ. ಅದನ್ನ ಮೈಕಿನಾಗ ಹೇಳ್ರಿ. ನಾನೂ ಬಂದು ಚಪ್ಪಾಳಿ ತಟ್ಟತೀನಿ.”

“ಮೂವತ್ತೆಂಟು ಊರಾಗ ಒಂದು ತೂಬು ಅಂತ ಮೈಕಿನಾಗ ಹೇಳ್ಲಾ? ನಗಸಾಕ ಬ್ಯಾರೆ ಕಲಾವಿದರನ್ನ ಕರಿಸೀನಿ.”

“ಸುಳ್ಳು ಹೇಳಿದ್ರ ಜನ ಮುಂದ ನಗಂಗಿಲ್ಲ. ಹಿಂದ ನಗ್ತಾರ.”

“ಲಿಂಗಸೂಗೂರು ಹಾಕೈತಿ. ಮಸ್ಕಿ ಹಾಕೈತಿ. ನೀ ಏನ್ ಅವರಿಗಿಂತ ಮ್ಯಾಲಿನಾಕಿ ಏನು?”

“ಲಿಂಗಸೂಗೂರಿನದು ಖರೇ ಐತಿ, ಅವರ ಹೊಲಕ್ಕ ದಾರಿ ಕೇಳಬೇಕಾಗಿಲ್ಲ. ಮಸ್ಕಿದು ನೀವ ಹೋಗಿ ಬೆಳಿಗ್ಗೆ ಆರಕ್ಕ ನೋಡ್ರಿ.”

ಮಾಳಿಂಗರಾಯರಿಗೆ ಮಸ್ಕಿಯದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿಲ್ಲದಂತಿರುವುದು ಅವರಿಗೆ ಗೊತ್ತಿತ್ತು. ಅವರು ಕಾಗದವನ್ನು ಮುಂದಕ್ಕೆ ತಳ್ಳಿ ಪೆನ್ನಿನ ಮುಚ್ಚಳ ತಾವೇ ತೆಗೆದರು.

“ಹನ್ನೊಂದು ವರ್ಷ ಕಟ್ಟಿದ ಕೇಂದ್ರ. ವಿಚಾರ ಮಾಡು. ಒಂದು ದಸ್ಕತ್.”

ಅಯ್ಯಮ್ಮ ವಿಚಾರ ಮಾಡಿದಳು. ಕಿಟಕಿಯಾಚೆ ಅಂಗಳದಲ್ಲಿ ದಾವಲ್‌ಸಾಬ್ ಮಷಿನ್ ತೊಳೆಯುತ್ತಿದ್ದ. ಗೋಡೆಯ ಮೇಲೆ ಹಲಗೆಯಿತ್ತು, ಯಾರು ಬೇಕಾದರೂ ಓದಬಹುದಾದ ಹಲಗೆ. ಆರು ತಿಂಗಳ ಹಿಂದೆ ಈ ಬೆದರಿಕೆ ಬಂದಿದ್ದರೆ, ತಾನಿಲ್ಲದೆ ಈ ಕೇಂದ್ರ ನಿಲ್ಲುತ್ತದೆ, ನೆಲ್ಲು ಉದುರುತ್ತದೆ ಎಂಬ ಭಯಕ್ಕಾದರೂ ಸಹಿ ಹಾಕುತ್ತಿದ್ದಳೇನೋ. ಈಗ ಆ ಭಯವನ್ನೇ ಯಾರೋ ಕಿತ್ತು ನೆಟ್ಟಗೆ ಬಡಿದಿದ್ದರು.

ಅವಳು ಪೆನ್ನು ತೆಗೆದುಕೊಂಡಳು. ಅಧ್ಯಕ್ಷರ ಮುಖ ಅರಳಿತು. ಅವಳು ‘ನೂರಕ್ಕೆ ನೂರು’ ಎಂಬುದನ್ನು ಗೆರೆ ಎಳೆದು ಹೊಡೆದಳು. ಮಗ್ಗುಲಲ್ಲಿ ದುಂಡಗೆ ಬರೆದಳು: ‘ಸಿಂಧನೂರು ಕೇಂದ್ರ: ಗೊರೇಬಾಳ, ಒಂದು ತೂಬು, ಹದಿನೇಳು ಹೊಲ. ಉಳಿದದ್ದು ಇನ್ನೂ ಆಗಿಲ್ಲ.’ ಅದರ ಕೆಳಗೆ ಪೂರ್ತಿ ಹೆಸರು ಬರೆದು, ಕಾಗದದ ಹಿಂಬದಿಗೂ ಮೂಡುವಷ್ಟು ಒತ್ತಿ ಸಹಿ ಹಾಕಿದಳು.

“ಹಾಕೀನ್ರಿ.”

ಮಾಳಿಂಗರಾಯರು ಕಾಗದವನ್ನು ಎರಡು ಸಲ ಓದಿದರು. “ಇದು ದಸ್ಕತ್ ಅಲ್ಲಬೇ. ಇದು ತೊಡಿ ತಟ್ಟೋದು.”

“ಹಂಗಂದ್ರೂ ಹೌದ್ರಿ.”

ಭಾನುವಾರದ ಸಮಾರಂಭ ನಿಲ್ಲಲಿಲ್ಲ. ಮೂರು ಕೇಂದ್ರಗಳ ಬದಲು ‘ಎರಡು ಕೇಂದ್ರಗಳ ಸಂಪೂರ್ಣ ಬದಲಾವಣೆ’ ಎಂದು ಮೈಕಿನಲ್ಲಿ ಹೇಳಿದರು. ಬ್ಯಾನರಿನ ‘ಮೂರು’ ಎಂಬುದರ ಮೇಲೆ ಕಾಗದ ಅಂಟಿಸಿ ‘ಎರಡು’ ಎಂದು ಬರೆದಿದ್ದರು. ಗಾಳಿಗೆ ಅದು ಎದ್ದೆದ್ದು ಕೆಳಗಿನ ‘ಮೂರು’ ಕಾಣಿಸುತ್ತಿತ್ತು. ಮೇಘಾಳಿಗೆ ಶಾಲು ಹೊದಿಸಲು ಕರೆದಾಗ ಅವಳು ಬಂದಿರಲಿಲ್ಲ. ಗೊರೇಬಾಳದ ಎರಡನೇ ತೂಬಿನ ಒಡ್ಡಿನ ಮೇಲೆ ಆದೆಪ್ಪನೊಡನೆ ನಿಂತು ಹೊಲಗಳ ದಾರಿ ಬರೆದುಕೊಳ್ಳುತ್ತಿದ್ದಳು.

*

ಬದಲಿಯ ಆದೇಶ ಸಮಾರಂಭ ಮುಗಿದ ಸಂಜೆಯೇ ಬಂತು. ದಾವಲ್‌ಸಾಬ್ ಅದನ್ನು ನೋಡಿ ತಲೆಯ ಟವೆಲ್ ಬಿಚ್ಚಿದ.

“ನಾವು ಎಲ್ಲಾರೂ ಕೂಡಿ ಹೋಗಿ ಅಧ್ಯಕ್ಷರ ಮುಂದ ಕುಂದ್ರತೀವಿ ಅಕ್ಕಾ. ಮಷಿನ್ ಬಂದ್ ಮಾಡ್ತೀವಿ.”

“ಒಂದು ದಿನ ಮಷಿನ್ ನಿಂತ್ರ ನಿನ್ನ ಮನಿಗೆ ಬಂದು ಬೈತೀನಿ. ಬೆಳಿಗ್ಗೆ ಆರೂವರಿ ಸಭಾ ತಪ್ಪಸಬ್ಯಾಡ. ಹೊಸ ಉಸ್ತುವಾರಿಗೆ ಹಲಗಿ ಓದಾಕ ಕಲಿಸು. ನನಗ ಫೋನ್ ಹಚ್ಚಬ್ಯಾಡ.”

“ಸುಮ್ಮನ ಮಾತಾಡ್ಸಾಕ?”

“ಅದಕ್ಕ ಹಚ್ಚು.”

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಯ್ಯಮ್ಮ ಮಸ್ಕಿಗೆ ಇಳಿದಳು. ಕೈಯಲ್ಲಿ ಬುತ್ತಿ, ಕೀಲಿಯಿಲ್ಲದ ಹಳೆಯ ಬ್ಯಾಗು, ಅದರೊಳಗೆ ಒಂದು ಸುತ್ತಿಗೆ, ಒಂದು ಪೊಟ್ಟಣ ಮೊಳೆ. ಶಿಕ್ಷೆಗೆಂದು ಕಳುಹಿಸಿದ ಜಾಗಕ್ಕೆ ಅವಳು ಬೀಗರೂಟಕ್ಕೆ ಬಂದವಳಂತೆ ಬಂದಳು. ಕೇಂದ್ರದ ಅಂಗಳದಲ್ಲಿ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಮೈಮುನಾಬಿ ಓಡಿಬಂದು ಒಳ್ಳೆಯ ಕುರ್ಚಿಯೊಂದನ್ನು ತಂದಿಟ್ಟು, ಸೆರಗಿನಿಂದ ಒರೆಸಿದಳು. ಅವಳ ಕಣ್ಣು ನೆಲ ನೋಡುತ್ತಿತ್ತು.

“ಕುಂದ್ರಕ್ಕ. ನಿನ್ನ ಮುಂದ ನಿಲ್ಲಾಕ ಮುಖ ಇಲ್ಲ ನನಗ. ನಾ ದಸ್ಕತ್ ಹಾಕಿಬಿಟ್ಟೆ.”

“ಕುರ್ಚಿ ಒಳಗ ಇಡು. ಎಲ್ಲಾರನ್ನೂ ಇಲ್ಲೇ ಕರಿ, ನಿಂತ ಮಾತಾಡೋಣು. ಮೊದಲ ಖರೇ ಹೇಳು, ಎಷ್ಟ್ ಆಗೈತಿ?”

“ಕಾಗದದಾಗ ನೂರು.”

“ಹೊಲದಾಗ?”

ಮೈಮುನಾಬಿ ಡ್ರೈವರುಗಳ ಕಡೆ ನೋಡಿದಳು. ಅವರು ಚಹಾದ ಕಪ್ಪುಗಳ ಕಡೆ ನೋಡಿದರು. “ಸೊನ್ನಿ,” ಎಂದಳು, ಮೊದಲ ಬಾರಿ ತಲೆಯೆತ್ತಿ.

“ಚಲೋ ಆತು. ಇವತ್ತು ಖರೇ ಹೇಳಿದ್ವಿ, ಒಂದು ಕೆಲಸ ಮುಗೀತು.” ಅಯ್ಯಮ್ಮ ಬ್ಯಾಗಿನಿಂದ ಸುತ್ತಿಗೆ ತೆಗೆದು ಗೋಡೆಯನ್ನು ಕಣ್ಣಳತೆ ಮಾಡಿದಳು. “ಈಗ ಒಂದು ಊರಿನ ಹೆಸರು ಹೇಳು. ಒಂದ. ಎರಡು ಹೇಳಿದ್ರ ಇದರಿಂದಲೇ ಹೊಡಿತೀನಿ.”